ಮನವಿಗೆ ಮೊದಲು ಪ್ರಶ್ನೆ



ಶಾಲೆ ತೆರೆಯುವ ದಿನ ಹತ್ತಿರ ಬಂದಂತೆ ನಮ್ಮ ಕನ್ನಡ ಶಾಲೆಗಳ ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಮಾಸ್ಟ್ರೇ, ಕನ್ನಡ ಮೀಡಿಯಮಿನಲ್ಲಿ ಕಲಿತರೆ ಮುಂದೆ ಮಕ್ಕಳಿಗೆ ಒಳ್ಳೆಯದಾದೀತಾ?" ಕೇಳುವವರ ಕಳವಳ ನಿಜವಾದದ್ದೇ. ಆದರೆ ಆ ಮಾತಿಗೆ ಪ್ರಾಮಾಣಿಕವಾದ ಉತ್ತರ ಕೊಡಬಲ್ಲವರು ಯಾರೂ ಇಲ್ಲ. ವೇದಿಕೆಯ ಮೇಲಿನ ಭಾಷಣಕಾರರು "ತಾಯಿನುಡಿಯೇ ಶ್ರೇಷ್ಠ ಎಂದು ಜಗತ್ತಿನ ತಜ್ಞರೆಲ್ಲ ಹೇಳಿದ್ದಾರೆ" ಎನ್ನುತ್ತಾರೆ. ಪೇಟೆಯ ಇಂಗ್ಲಿಷ್ ಶಾಲೆಯ ಕರಪತ್ರ ಅದಕ್ಕೆ ತೀರ ವಿರುದ್ಧವಾದುದನ್ನು ಅಷ್ಟೇ ಧೈರ್ಯದಿಂದ ಹೇಳುತ್ತದೆ. ಎರಡನ್ನೂ ಕೇಳಿದ ತಾಯಿ ಮನೆಗೆ ಹೋಗಿ, ನೆರೆಮನೆಯವರು ತಮ್ಮ ಮಗುವನ್ನು ಯಾವ ಬಸ್ಸಿಗೆ ಹತ್ತಿಸುತ್ತಾರೆ ಎಂದು ನೋಡಿ ತೀರ್ಮಾನ ಮಾಡುತ್ತಾರೆ.

ಆ ತೀರ್ಮಾನದ ಬೆಲೆ ಏನೆಂದು ಕೇರಳದ ಶಾಲೆಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುತ್ತದೆ. ಆ ದಿನದ ಸಂಖ್ಯೆಯ ಮೇಲೆ ಆ ವರ್ಷದ ಡಿವಿಜನು, ಡಿವಿಜನಿನ ಮೇಲೆ ಅಧ್ಯಾಪಕರ ಹುದ್ದೆ. ನಾಲ್ಕು ಮಕ್ಕಳು ಬೇರೆ ಕಡೆ ಸೇರಿದರೆ ಒಂದು ಹುದ್ದೆ ಹೋಗಬಹುದು. ಅಧ್ಯಾಪಕರಿಲ್ಲದ ಶಾಲೆಗೆ ಮರುವರ್ಷ ಇನ್ನೂ ನಾಲ್ಕು ಮಕ್ಕಳು ಬರುವುದಿಲ್ಲ. ಹೀಗಿರುವಾಗ ನಾವು ಪ್ರತಿ ವರ್ಷ ಮಾಡುವ ಕೆಲಸವೇನು? ಸಭೆ, ಠರಾವು, ಮನವಿ. ಮನವಿಯಲ್ಲಿ "ಕನ್ನಡಿಗರಿಗೆ ಅನ್ಯಾಯವಾಗುತ್ತಿದೆ" ಎಂಬ ವಾಕ್ಯ. ಅಧಿಕಾರಿಗಳು ಅದನ್ನು ಸ್ವೀಕರಿಸಿ, ಮುದ್ರೆ ಒತ್ತಿ, ಕಡತಕ್ಕೆ ಸೇರಿಸುತ್ತಾರೆ. ಕಡತಕ್ಕೆ ಸೇರಿದ ಮನವಿಯಿಂದ ಯಾವ ಮಗುವಿಗೂ ಗಣಿತದ ಅಧ್ಯಾಪಕರು ಬರುವುದಿಲ್ಲ. ಮನವಿ ಬರೆಯುವ ಮೊದಲು ಮಾಡಬೇಕಾದ ಎರಡು ಕೆಲಸಗಳಿವೆ ಎಂದು ಈ ಪತ್ರಿಕೆ ಭಾವಿಸುತ್ತದೆ. ಒಂದು, ಉತ್ತರ ಸಿಗುವಂತಹ ಪ್ರಶ್ನೆಯನ್ನು ರೂಪಿಸುವುದು. ಎರಡು, ಆ ಪ್ರಶ್ನೆಯ ಬಗ್ಗೆ ನಮಗಿಂತ ಮೊದಲು ಬರೆದವರು ಏನು ಬರೆದಿದ್ದಾರೆ ಎಂದು ಓದುವುದು. ವಿಶ್ವವಿದ್ಯಾಲಯದವರು ಇವನ್ನು ಸಂಶೋಧನಾ ಪ್ರಶ್ನೆ, ಪೂರ್ವಾಧ್ಯಯನಗಳ ಪರಿಶೀಲನೆ ಎಂದು ದೊಡ್ಡ ಹೆಸರಿನಿಂದ ಕರೆಯುತ್ತಾರೆ. ಬಿ.ಎಡ್. ಓದುವಾಗ ನಮಗೂ "ಕ್ರಿಯಾ ಸಂಶೋಧನೆ" ಎಂಬ ಪಾಠವಿತ್ತು. ಹೆಚ್ಚಿನವರು ಅದನ್ನು ಪರೀಕ್ಷೆಗಾಗಿ ಓದಿ ಅಲ್ಲೇ ಬಿಟ್ಟರು. ಹೆಸರು ದೊಡ್ಡದಾದರೂ ಕೆಲಸ ದೊಡ್ಡದಲ್ಲ. ಅಡಿಕೆ ಮರಕ್ಕೆ ರೋಗ ಬಂದಾಗ "ತೋಟ ಒಳ್ಳೆಯದೋ ಕೆಟ್ಟದ್ದೋ" ಎಂದು ಯಾವ ಕೃಷಿಕನೂ ಕೇಳುವುದಿಲ್ಲ. ಯಾವ ಮರ, ಯಾವ ಮಳೆಯ ನಂತರ, ಕಾಯಿ ಉದುರಿತೋ ಎಲೆ ಹಳದಿಯಾಯಿತೋ ಎಂದು ನೋಡುತ್ತಾನೆ, ಹಿಂದೆ ಮದ್ದು ಬಿಟ್ಟವರನ್ನು ವಿಚಾರಿಸುತ್ತಾನೆ. ಮಕ್ಕಳ ಶಾಲೆಯ ವಿಷಯದಲ್ಲಿ ಮಾತ್ರ ನಾವು ಇಡೀ ತೋಟದ ಬಗ್ಗೆ ಒಂದೇ ಮಾತಿನಲ್ಲಿ ವಾದಿಸುತ್ತೇವೆ.

ನಮ್ಮೆಲ್ಲರಿಗೂ ಗೊತ್ತಿರುವ ಒಂದು ನೋವನ್ನೇ ತೆಗೆದುಕೊಳ್ಳೋಣ. ಕಾಸರಗೋಡಿನ ಕೆಲವು ಶಾಲೆಗಳ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದದ್ದು, ಹೆತ್ತವರೂ ಮಕ್ಕಳೂ ಪ್ರತಿಭಟಿಸಿದ್ದು, ವಿಷಯ ಹೈಕೋರ್ಟಿನ ತನಕ ಹೋದದ್ದು ಕಳೆದ ಕೆಲವು ವರ್ಷಗಳ ಸಂಗತಿ. ಇದನ್ನು ನಾವು ದೂರಿನ ರೂಪದಲ್ಲಿ ಹೇಳಿದರೆ "ಮಲಯಾಳಂ ಅಧ್ಯಾಪಕರನ್ನು ಹೇರಲಾಗುತ್ತಿದೆ" ಎಂದಾಗುತ್ತದೆ. ಅದಕ್ಕೆ ಎದುರಿನವರು "ಹೇರಿಕೆ ಇಲ್ಲ, ನಿಯಮಾನುಸಾರ ನೇಮಕ" ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಗಿಸುತ್ತಾರೆ. ಅದೇ ನೋವನ್ನು ಬಿಡಿಸಿ ನೋಡಿ. ಯಾವ ಶಾಲೆ, ಎಷ್ಟನೆಯ ತರಗತಿ, ಯಾವ ವಿಷಯ? ಆ ಅಧ್ಯಾಪಕರು ಯಾವ ದಿನಾಂಕದಂದು ಸೇರಿದರು? ಅದಕ್ಕೆ ಮೊದಲು ಆ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು? ಪಿ.ಎಸ್.ಸಿ. ಅಧಿಸೂಚನೆಯಲ್ಲಿ ಆ ಹುದ್ದೆಯ ಎದುರು "ಕನ್ನಡ ಮಾಧ್ಯಮ" ಎಂದು ಬರೆದಿತ್ತೇ? ಬರೆದಿದ್ದರೆ ಕನ್ನಡ ಜ್ಞಾನವನ್ನು ಯಾವ ಪ್ರಮಾಣಪತ್ರದಿಂದ ಅಥವಾ ಯಾವ ಪರೀಕ್ಷೆಯಿಂದ ಖಚಿತ ಮಾಡಿಕೊಂಡರು? ತರಗತಿಯಲ್ಲಿ ಪಾಠ ಯಾವ ಭಾಷೆಯಲ್ಲಿ ನಡೆಯಿತು, ವರ್ಷದ ಕೊನೆಗೆ ಪುಸ್ತಕದ ಎಷ್ಟು ಪಾಠಗಳು ಮುಗಿದವು?

ಗಮನಿಸಿ: ಒಂದೇ ದೂರಿನೊಳಗೆ ಇಷ್ಟು ಪ್ರಶ್ನೆಗಳಿದ್ದವು, ಮತ್ತು ಅವುಗಳ ಉತ್ತರ ಒಂದೇ ಕಚೇರಿಯಲ್ಲಿಲ್ಲ. ಸೇರಿದ ದಿನಾಂಕ ಶಾಲೆಯ ದಾಖಲೆಯಲ್ಲಿದೆ. ಅರ್ಹತೆಯ ವಿಷಯ ಅಧಿಸೂಚನೆಯಲ್ಲಿದೆ. ಮುಗಿದ ಪಾಠಗಳ ಲೆಕ್ಕ ನಿಮ್ಮ ಮಗುವಿನ ನೋಟು ಪುಸ್ತಕದಲ್ಲೇ ಇದೆ. ಪ್ರತಿಯೊಂದಕ್ಕೂ ದಿನಾಂಕ, ಸಂಖ್ಯೆ, ಅಥವಾ "ಹೌದು, ಇಲ್ಲ" ಎಂಬ ಉತ್ತರ ಸಾಧ್ಯ. ಪಾಠಗಳು ಅರ್ಧಕ್ಕಿಂತ ಕಡಿಮೆ ಮುಗಿದಿವೆ ಎಂದು ಹದಿನೈದು ಮಕ್ಕಳ ನೋಟು ಪುಸ್ತಕ ತೋರಿಸಿದರೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಅಂದ ಹಾಗೆ, ಆ ಅಧ್ಯಾಪಕರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಕೆಲಸ ಸಿಕ್ಕಿತೆಂದು ದೂರದ ಜಿಲ್ಲೆಯಿಂದ ಬಂದು, ಅರ್ಥವಾಗದ ಭಾಷೆಯ ಮಕ್ಕಳ ಮುಂದೆ ನಿಂತವರ ಪಾಡು ಸುಖದ್ದಲ್ಲ. ನಮ್ಮ ಪ್ರಶ್ನೆ ನೇಮಕದ ವ್ಯವಸ್ಥೆಯನ್ನು ಕುರಿತದ್ದು.

ಮಾಹಿತಿ ಹಕ್ಕಿನ ಅರ್ಜಿ ಬರೆಯುವವರಿಗೂ ಇದೇ ಮಾತು. 2005ರ ಕಾಯಿದೆಯಂತೆ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರ ಬರಬೇಕು. ಆದರೆ ಕಚೇರಿಯವರು ಕೊಡಬೇಕಾದದ್ದು ತಮ್ಮ ದಾಖಲೆಯಲ್ಲಿ ಇರುವ ಮಾಹಿತಿಯನ್ನು ಮಾತ್ರ. ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡಬೇಕಾಗಿಲ್ಲ, ಅಭಿಪ್ರಾಯ ಹೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ "ನಮ್ಮ ಶಾಲೆಯನ್ನು ಯಾಕೆ ಕಡೆಗಣಿಸಿದ್ದೀರಿ" ಎಂದು ಕೇಳಿದ ಅರ್ಜಿ ಹಾಗೆಯೇ ಹಿಂದೆ ಬರುತ್ತದೆ. "ಈ ಶಾಲೆಯ ಕನ್ನಡ ಮಾಧ್ಯಮದ ಹುದ್ದೆಗಳು ಯಾವುವು, ಪ್ರತಿಯೊಂದೂ ಯಾವ ದಿನಾಂಕದಿಂದ ಯಾವ ದಿನಾಂಕದ ತನಕ ಖಾಲಿ ಇತ್ತು, ಹಾಜರಿ ಪುಸ್ತಕದ ಪ್ರತಿ ಕೊಡಿ" ಎಂದರೆ ಕೊಡಲೇಬೇಕು. ಯಾಕೆ ಎಂಬುದನ್ನು ಉತ್ತರ ಕೈಗೆ ಬಂದ ಮೇಲೆ ನಾವೇ ಕಂಡುಕೊಳ್ಳಬಹುದು. ಇನ್ನೊಂದು ವಿಷಯವೂ ನೆನಪಿರಲಿ. ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ.

ಇನ್ನು ಓದಿನ ವಿಷಯ. ನಮ್ಮ ಸಂಘಗಳ ಮನವಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚಿನವು ಮಹಾಜನ ವರದಿಯಿಂದ ತೊಡಗಿ ಮಹಾಜನ ವರದಿಯಲ್ಲೇ ಮುಗಿಯುತ್ತವೆ. 1966ರಲ್ಲಿ ನೇಮಕಗೊಂಡ ಆ ಆಯೋಗ 1967ರಲ್ಲಿ ವರದಿ ಕೊಟ್ಟು, ಚಂದ್ರಗಿರಿಯ ಉತ್ತರದ ಭಾಗ ಅಂದಿನ ಮೈಸೂರಿಗೆ ಸೇರಬೇಕೆಂದಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಬಗೆಗೂ ಅಂತಹದೇ ಶಿಫಾರಸು ಮಾಡಿತು. ಆ ವರದಿ ಜಾರಿಗೆ ಬರಲಿಲ್ಲ. ಅದರ ನೆನಪನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಅದು ನೆಲದ ಪ್ರಶ್ನೆಗೆ ಬರೆದ ಉತ್ತರ. ಮೂರನೆಯ ತರಗತಿಗೆ ಅಧ್ಯಾಪಕರು ಬೇಕು ಎಂಬ ಅರ್ಜಿಗೆ ಅದರಿಂದ ಒಂದು ಸಾಲಿನ ಸಹಾಯವೂ ಸಿಗುವುದಿಲ್ಲ. ಪ್ರಶ್ನೆಗೆ ಹೊಂದದ ಗ್ರಂಥ ಎಷ್ಟು ದೊಡ್ಡದಾದರೂ ನಮ್ಮ ಕೆಲಸಕ್ಕೆ ಬಾರದು.

ಕೆಲಸಕ್ಕೆ ಬರುವಂಥದ್ದು ನಮ್ಮ ಸಂಘಗಳಲ್ಲಿ ಓದಿದವರು ಕಡಿಮೆ ಇರುವ ಬೇರೆ ಕಾಗದಗಳಲ್ಲಿದೆ. ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಲು ಹೇಳಿದ ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯೆಂದರೆ ನಮ್ಮ ಹಿರಿಯರಿಗೆ ಇಂದಿಗೂ ಸಿಟ್ಟು. ಆದರೆ ಅದೇ ವರದಿಯಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಮೀಸಲಾದ ಭಾಗವೊಂದಿದೆ, ಅದರ ಫಲವಾಗಿ 1956ರಲ್ಲಿ ಸಂವಿಧಾನಕ್ಕೆ 350ಎ, 350ಬಿ ವಿಧಿಗಳು ಸೇರಿದವು. 350ಎ ವಿಧಿಯನ್ನು ಪದ ಬಿಡಿಸಿ ಓದಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು "ಸಾಕಷ್ಟು ಸೌಕರ್ಯ" ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕು ಎಂದು ಅದರ ಅರ್ಥ. "ಪ್ರಾಥಮಿಕ" ಎಂದಿರುವುದರಿಂದ ಹೈಸ್ಕೂಲಿನ ಬೇಡಿಕೆಗೆ ಈ ವಿಧಿಯನ್ನು ಹಿಡಿದು ಹೊರಟರೆ ಮೊದಲ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. "ಸಾಕಷ್ಟು ಸೌಕರ್ಯ" ಎಂದಿರುವುದರಿಂದ, ಕನ್ನಡ ಬಾರದ ಅಧ್ಯಾಪಕರಿರುವ ಕನ್ನಡ ತರಗತಿ ಸಾಕಷ್ಟು ಸೌಕರ್ಯವಾಗುತ್ತದೆಯೇ ಎಂದು ಕೇಳಲು ದಾರಿ ತೆರೆದಿದೆ. ಒಂದು ಪದವನ್ನು ಸರಿಯಾಗಿ ಓದಿದರೆ ಒಂದು ಪ್ರಶ್ನೆ ಹುಟ್ಟುತ್ತದೆ.

ಎಷ್ಟು ಮಕ್ಕಳಿದ್ದರೆ ತರಗತಿ ಸಿಗಬೇಕು ಎಂಬುದಕ್ಕೂ ಹಳೆಯ ಉತ್ತರವಿದೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಅಧ್ಯಾಪಕರನ್ನು ಕೊಡಬೇಕೆಂದು ಒಪ್ಪಿತು. ಪ್ರೌಢ ಹಂತಕ್ಕೆ ಆನಂತರ ಒಪ್ಪಿದ ಸೂತ್ರ 60:15. ನಿಮ್ಮ ಊರಿನ ಮನವಿಯಲ್ಲಿ ಈ ಅಂಕೆಗಳು ಇವೆಯೇ, ನಿಮ್ಮ ಶಾಲೆಯ ಅಂಕೆ ಅವುಗಳ ಪಕ್ಕದಲ್ಲಿ ಇದೆಯೇ ಎಂದು ನೋಡಿಕೊಳ್ಳಿ. 1957ರಿಂದ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಗಳನ್ನು ಸಂಸತ್ತಿನ ಮುಂದೆ ಇಡಬೇಕೆಂದು 350ಬಿ ವಿಧಿ ಹೇಳುತ್ತದೆ. ಆ ವರದಿಗಳಲ್ಲಿ ರಾಜ್ಯವಾರು, ಭಾಷಾವಾರು ಶಾಲೆಗಳ, ಮಕ್ಕಳ, ಅಧ್ಯಾಪಕರ ಸಂಖ್ಯೆ ಸಿಗುತ್ತದೆ. ಸಂಖ್ಯೆ ಸಿಗದ ಜಾಗದಲ್ಲಿ "ರಾಜ್ಯ ಸರಕಾರ ಮಾಹಿತಿ ಒದಗಿಸಿಲ್ಲ" ಎಂಬ ಷರಾ ಸಿಗುತ್ತದೆ. ನಮ್ಮ ಪಾಲಿಗೆ ಆ ಷರಾವೂ ಒಂದು ಪುರಾವೆ.

ಹಳೆಯ ಅಂಕಿಸಂಖ್ಯೆ ಓದುವಾಗ ಒಂದು ಹೊಂಡವಿದೆ, ಎಚ್ಚರ. ಜನಗಣತಿಯ ಪುಸ್ತಕ ಬಿಡಿಸಿ "ಆಗ ಇಷ್ಟು ಕನ್ನಡಿಗರಿದ್ದರು, ಈಗ ಇಷ್ಟೇ" ಎಂದು ಕೂಡಿಸಿ ಕಳೆದು ಭಾಷಣ ಮಾಡುವವರಿದ್ದಾರೆ. ಕಾಸರಗೋಡು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯದ್ದು. 1961, 1971, 1981ರ ಗಣತಿಗಳಲ್ಲಿ ಕಣ್ಣೂರು ಜಿಲ್ಲೆಯೊಳಗಿನದ್ದು. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. 2014ರಲ್ಲಿ ಮಂಜೇಶ್ವರ ಬೇರೆ ತಾಲೂಕಾದ ಮೇಲೆ ಕಾಸರಗೋಡು ತಾಲೂಕು ಎಂಬ ಹೆಸರಿನ ನೆಲವೇ ಬದಲಾಯಿತು. ಹೊಸೂರಿನ ಓದುಗರ ಪಾಡೂ ಇದೇ: 1965ರ ತನಕ ಸೇಲಂ, 2004ರ ತನಕ ಧರ್ಮಪುರಿ, ಈಗ ಕೃಷ್ಣಗಿರಿ. ತಾಳವಾಡಿಯನ್ನು 1979ರ ಹಿಂದಿನ ಲೆಕ್ಕದಲ್ಲಿ ಈರೋಡಿನ ಕೆಳಗೆ ಹುಡುಕಿದರೆ ಸಿಗದು, ಕೊಯಮತ್ತೂರಿನ ಕೆಳಗೆ ಹುಡುಕಬೇಕು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಅದಕ್ಕೆ ಮೊದಲು ಅನಂತಪುರದಲ್ಲಿತ್ತು. ಗಡಿ ಬದಲಾದದ್ದನ್ನು ಗಮನಿಸದೆ ಹೋಲಿಸಿದ ಒಂದು ತಪ್ಪು ಅಂಕೆ ಸಾಕು, ಮನವಿಯಲ್ಲಿರುವ ಹತ್ತು ಸರಿಯಾದ ಅಂಕೆಗಳನ್ನೂ ಅಧಿಕಾರಿ ಪಕ್ಕಕ್ಕಿಡಲು.

ಈಗ ವಿದ್ವಾಂಸರ ಪುಸ್ತಕಗಳಿಗೆ ಬರೋಣ. "ಯುನೆಸ್ಕೋ ಹೇಳಿದೆ" ಎಂಬ ಮಾತು ನಮ್ಮ ಭಾಷಣಗಳಲ್ಲೂ ಮೊಬೈಲಿನ ಸಂದೇಶಗಳಲ್ಲೂ ಓಡಾಡುತ್ತಿದೆ. ಯುನೆಸ್ಕೋ 1951ರಲ್ಲಿ ಪ್ಯಾರಿಸಿನಲ್ಲಿ ತಜ್ಞರನ್ನು ಸೇರಿಸಿ ಚರ್ಚಿಸಿತು, 1953ರಲ್ಲಿ ಪುಸ್ತಕ ಹೊರತಂದಿತು, ಮಗುವಿಗೆ ಕಲಿಸಲು ಮಾತೃಭಾಷೆಯೇ ಉತ್ತಮ ಎಂದಿತು. ಅದು ತಿಳಿದವರು ಕೂತು ಒಪ್ಪಿದ ಅಭಿಪ್ರಾಯ. ಮಕ್ಕಳನ್ನು ಎರಡು ಗುಂಪು ಮಾಡಿ ಕಲಿಸಿ ಅಳೆದ ಫಲಿತಾಂಶವಲ್ಲ. ಅಳೆದು ನೋಡಿದವರು ಬೇರೆ ಇದ್ದಾರೆ. ನೈಜೀರಿಯಾದ ಇಫೆಯಲ್ಲಿ ಫಫುನ್ವಾ ಮತ್ತು ಸಂಗಡಿಗರು 1970ರಲ್ಲಿ ಒಂದು ಪ್ರಯೋಗ ತೊಡಗಿದರು. ಅಲ್ಲಿನ ಶಾಲೆಗಳಲ್ಲಿ ಮೂರು ವರ್ಷ ಯೊರುಬಾ ಭಾಷೆಯಲ್ಲಿ ಕಲಿಸಿ ಆಮೇಲೆ ಇಂಗ್ಲಿಷಿಗೆ ದಾಟುವುದು ರೂಢಿಯಾಗಿತ್ತು. ಇವರು ಕೆಲವು ತರಗತಿಗಳಲ್ಲಿ ಆರೂ ವರ್ಷ ಯೊರುಬಾದಲ್ಲೇ ಕಲಿಸಿ, ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಕಲಿಸಿದರು. ಕೊನೆಗೆ ನೋಡಿದರೆ ಆ ಮಕ್ಕಳು ಉಳಿದ ವಿಷಯಗಳಲ್ಲಷ್ಟೇ ಅಲ್ಲ, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ನಮ್ಮ ಹೆತ್ತವರಿಗೆ ಹೇಳಬೇಕಾದ ಸುದ್ದಿಯೇ ಹೌದು. ಆದರೆ ಪೂರ್ತಿ ಹೇಳಬೇಕು: ಆ ಪ್ರಯೋಗದ ತರಗತಿಗಳಲ್ಲಿ ಇಂಗ್ಲಿಷ್ ಕಲಿಸಲು ಅದಕ್ಕೆಂದೇ ತರಬೇತಾದ ಅಧ್ಯಾಪಕರಿದ್ದರು, ಪಠ್ಯಪುಸ್ತಕಗಳನ್ನು ಹೊಸದಾಗಿ ಬರೆಸಿದ್ದರು. ಹುದ್ದೆ ಖಾಲಿ ಬಿದ್ದ, ಪುಸ್ತಕ ತಡವಾಗಿ ಬರುವ ಶಾಲೆಗೆ ಇಫೆಯ ಫಲಿತಾಂಶವನ್ನು ತೋರಿಸಿ ಧೈರ್ಯ ಹೇಳುವುದು ಸರಿಯಲ್ಲ. ಅದನ್ನು ಸರಕಾರಕ್ಕೆ ತೋರಿಸಿ, ಆ ಶಾಲೆಗಳಿಗೆ ಕೊಟ್ಟದ್ದನ್ನು ನಮಗೂ ಕೊಡಿ ಎಂದು ಕೇಳುವುದು ಸರಿ.

ನಮಗೆ ಎದುರಾಗಿ ನಿಲ್ಲುವ ಅಧ್ಯಯನವನ್ನೂ ಓದಲೇಬೇಕು. ಕೆನಡಾದ ಕ್ವಿಬೆಕಿನ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಕಲಿಸಿದರು. ಲ್ಯಾಂಬರ್ಟ್ ಮತ್ತು ಟಕ್ಕರ್ ಎಂಬ ವಿದ್ವಾಂಸರು ಆ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿ 1972ರಲ್ಲಿ ಪುಸ್ತಕ ಬರೆದರು. ಮಕ್ಕಳು ಫ್ರೆಂಚ್ ಕಲಿತರು, ಗಣಿತದಲ್ಲಿ ಹಿಂದುಳಿಯಲಿಲ್ಲ, ಇಂಗ್ಲಿಷ್ ಓದಿನಲ್ಲಿ ಮೊದಲು ಸ್ವಲ್ಪ ತಡವರಿಸಿದರೂ ಬೇಗ ಸರಿಹೋದರು. ಅಂದರೆ ಪರಭಾಷೆಯಲ್ಲಿ ಕಲಿತರೆ ಮಗು ಕೆಡುತ್ತದೆ ಎಂದು ಎಲ್ಲೆಡೆಗೂ ಸಲ್ಲುವಂತೆ ಹೇಳುವ ಹಾಗಿಲ್ಲ. ಆದರೆ ಆ ಮಕ್ಕಳು ಯಾರು ಎಂದು ಕೇಳಿ. ಅವರ ಮನೆಮಾತು ಇಡೀ ಖಂಡದಲ್ಲಿ ಬಲವಾದ ಭಾಷೆ. ಹೆತ್ತವರೇ ಬಯಸಿ ಆರಂಭಿಸಿದ ಶಾಲೆ. ಅಧ್ಯಾಪಕರಿಗೆ ಮಕ್ಕಳ ಇಂಗ್ಲಿಷ್ ಅರ್ಥವಾಗುತ್ತಿತ್ತು. ನಮ್ಮ ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಈ ಮೂರರಲ್ಲಿ ಎಷ್ಟು ಇವೆ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಬಹುದು.

ಹೀಗೆ ಯಾವ ಅಧ್ಯಯನ ಕೈಗೆ ಬಂದರೂ ಯಾವ ಮಕ್ಕಳು, ಯಾರೊಂದಿಗೆ ಹೋಲಿಸಿದರು, ಕಲಿಸಿದವರು ಯಾರು ಎಂದು ವಿಚಾರಿಸದೆ ಮುಂದೆ ಹೋಗಬೇಡಿ. ಒಡಿಶಾದ ಅಜಿತ್ ಮೊಹಾಂತಿಯವರ ಕೆಲಸ ನಮಗೆ ಹೆಚ್ಚು ಹತ್ತಿರ ಎನಿಸುವುದು ಈ ಕಾರಣಕ್ಕೆ. ಫೂಲಬಾಣಿಯ ಕೊಂಧ ಬುಡಕಟ್ಟಿನಲ್ಲಿ ಕೆಲವು ಕಡೆ ಮಕ್ಕಳು ಕುಯಿ ಮತ್ತು ಒಡಿಯಾ ಎರಡನ್ನೂ ಆಡುತ್ತಾರೆ, ಕೆಲವು ಕಡೆ ಕುಯಿ ಮರೆತು ಒಡಿಯಾ ಮಾತ್ರ ಆಡುತ್ತಾರೆ. ಬಡತನ, ಆಚಾರ, ಬದುಕು ಎಲ್ಲ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಭಾಷೆಯಲ್ಲಿ. ಅವರನ್ನು ಹೋಲಿಸಿದಾಗ ಎರಡು ಭಾಷೆ ಉಳಿಸಿಕೊಂಡ ಮಕ್ಕಳು ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಶ್ರೀಮಂತರ ಇಂಗ್ಲಿಷ್ ಶಾಲೆಯನ್ನು ಕೂಲಿಕಾರರ ಮಕ್ಕಳ ಕನ್ನಡ ಶಾಲೆಯೊಂದಿಗೆ ಹೋಲಿಸಿ ಮಾಧ್ಯಮದ ಮೇಲೆ ತೀರ್ಪು ಕೊಡುವವರು ಇಂತಹ ಹೋಲಿಕೆಯನ್ನು ಒಮ್ಮೆ ನೋಡಬೇಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವನ್ನು ಕಟ್ಟಿದ ಡಿ.ಪಿ. ಪಟ್ಟನಾಯಕರು ಬಹುಭಾಷಿಕತೆ ಮತ್ತು ಮಾತೃಭಾಷಾ ಶಿಕ್ಷಣದ ಬಗ್ಗೆ 1981ರಲ್ಲಿ ಬರೆದ ಪುಸ್ತಕವೂ ಓದತಕ್ಕದ್ದೇ. ಕೆನಡಾದ ಜಿಮ್ ಕಮಿನ್ಸ್ 1979ರಿಂದ ಹೇಳುತ್ತ ಬಂದ ಒಂದು ವಿಷಯವಂತೂ ಪ್ರತಿ ಮನೆಗೂ ಉಪಯೋಗದ್ದು: ಹೊಸ ಭಾಷೆಯಲ್ಲಿ ಮಗು ಸರಾಗ ಮಾತಾಡಲು ಎರಡು ವರ್ಷ ಸಾಕಾದೀತು, ಆದರೆ ಆ ಭಾಷೆಯಲ್ಲಿ ಪಾಠ ಓದಿ ಅರ್ಥ ಮಾಡಿಕೊಳ್ಳಲು ಐದರಿಂದ ಏಳು ವರ್ಷ ಬೇಕು. "ನಮ್ಮ ಮಗ ಆಟದ ಮೈದಾನದಲ್ಲಿ ಮಲಯಾಳಂ ಚೆನ್ನಾಗಿ ಮಾತಾಡುತ್ತಾನೆ, ಅದರಲ್ಲೇ ಕಲಿತರೇನು" ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಲಿ.

ಇಷ್ಟೆಲ್ಲ ಓದಿದ ಮೇಲೆಯೂ ನಮ್ಮ ಅಂಗಳದ ಒಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಅದು ಈ ಸಂಪಾದಕೀಯದ ಮುಖ್ಯ ವಿಷಯ. ನಮ್ಮ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತ ಮಕ್ಕಳ ಮನೆಮಾತು ಯಾವುದು? ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಕರಾಡ, ಮಲಯಾಳಂ. ಮನೆಯಲ್ಲಿ ಶಾಲೆಯ ಕನ್ನಡವನ್ನೇ ಆಡುವ ಮಕ್ಕಳು ಒಂದು ತರಗತಿಯಲ್ಲಿ ಎಷ್ಟು ಮಂದಿ? ಜನಗಣತಿ ತುಳುವನ್ನು ಬೇರೆ ಭಾಷೆಯಾಗಿ ಎಣಿಸುತ್ತದೆ, ಎಣಿಸಬೇಕಾದದ್ದೇ. ಆದರೆ ಜನಗಣತಿಯ ಕನ್ನಡ ಮಾತೃಭಾಷೆಯ ಅಂಕೆಯನ್ನು ಮಾತ್ರ ಹಿಡಿದು "ಕನ್ನಡ ಶಾಲೆಗೆ ಇಷ್ಟೇ ಬೇಡಿಕೆ" ಎಂದರೆ ತಲೆಮಾರುಗಳಿಂದ ಕನ್ನಡದಲ್ಲೇ ಅಕ್ಷರ ಕಲಿತ ತುಳುವರ ಮನೆಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಇನ್ನೊಂದು ಬದಿಯಿಂದ ನೋಡಿದರೆ, ತಾಯಿನುಡಿಯ ಶಿಕ್ಷಣ ಶ್ರೇಷ್ಠ ಎಂಬ ಅಧ್ಯಯನವನ್ನು ತೋರಿಸುವ ನಮಗೆ, "ನಿಮ್ಮ ಮಕ್ಕಳ ತಾಯಿನುಡಿ ತುಳುವಲ್ಲವೇ" ಎಂದು ಯಾರಾದರೂ ಕೇಳಿದರೆ ಉತ್ತರ ಬೇಕು. ಭಾಷಣದ ಉತ್ತರ ಸಾಲದು. ಎಳವೆಯಿಂದ ಯಕ್ಷಗಾನ, ದೇವಸ್ಥಾನ, ಪತ್ರಿಕೆಗಳ ಮೂಲಕ ಕನ್ನಡ ಕಿವಿಗೆ ಬಿದ್ದ ತುಳು ಮಗುವಿಗೆ ಒಂದನೆಯ ತರಗತಿಯ ಕನ್ನಡ ಎಷ್ಟು ಅರ್ಥವಾಗುತ್ತದೆ, ಮಲಯಾಳಂ ಪಾಠ ಎಷ್ಟು, ಇಂಗ್ಲಿಷ್ ಪಾಠ ಎಷ್ಟು? ಇಫೆಯ ಪುಸ್ತಕದಲ್ಲೂ ಕ್ವಿಬೆಕಿನ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ. ಆ ಮಕ್ಕಳ ಹೆತ್ತವರಾದ ನೀವು, ಕಲಿಸುವ ನಾವು ಕೂಡಿಯೇ ಕಂಡುಕೊಳ್ಳಬೇಕು.

ಇದರ ಅಗತ್ಯ ಈಗ ಮೊದಲಿಗಿಂತ ಹೆಚ್ಚು. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ಮಹಾರಾಷ್ಟ್ರ 2020ರಲ್ಲಿ ರಾಜ್ಯಭಾಷೆಯ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾಯಿದೆಗಳನ್ನು ತಂದವು. ನೆರೆಯವರ ಭಾಷೆ ನಮ್ಮ ಮಕ್ಕಳಿಗೆ ಬರಬೇಕು ಎಂಬುದರಲ್ಲಿ ಈ ಪತ್ರಿಕೆಗೆ ಎಂದೂ ಸಂಶಯವಿಲ್ಲ. ಎಷ್ಟನೆಯ ತರಗತಿಯಿಂದ, ವಾರಕ್ಕೆ ಎಷ್ಟು ಪೀರಿಯಡು, ಅದಕ್ಕಾಗಿ ಯಾವ ವಿಷಯದ ಪೀರಿಯಡು ಕಡಿಮೆಯಾಯಿತು ಎಂಬುದೇ ಪ್ರಶ್ನೆ. ಅದು ಟೈಂಟೇಬಲಿನಲ್ಲಿ ಸಿಗುವ ಉತ್ತರ. ಇನ್ನೊಂದು ಕಡೆ, ಮಗುವಿನ ಮಾತೃಭಾಷೆ ಯಾವುದು, ಯಾವ ಮಾಧ್ಯಮದಲ್ಲಿ ಕಲಿಯಬೇಕು ಎಂಬುದನ್ನು ಹೆತ್ತವರೇ ತೀರ್ಮಾನಿಸಬೇಕು, ಸರಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕದ ಮೊಕದ್ದಮೆಯಲ್ಲಿ ಹೇಳಿದೆ. ಆಯ್ಕೆ ನಿಮ್ಮ ಕೈಗೆ ಬಂದಿದೆ. ಆಯ್ಕೆ ಮಾಡಲು ಬೇಕಾದ ಮಾಹಿತಿ ಬಂದಿಲ್ಲ.

ಪುಸ್ತಕಗಳು ಎಲ್ಲಿ ಸಿಗುತ್ತವೆ ಎಂದು ಕೇಳುವಿರಿ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು "ಶೋಧಗಂಗಾ" ಎಂಬ ಅಂತರಜಾಲ ಭಂಡಾರದಲ್ಲಿ ಹಣವಿಲ್ಲದೆ ಓದಲು ಸಿಗುತ್ತವೆ, ಕನ್ನಡದಲ್ಲಿ ಬರೆದವ್ಯೂ ಇವೆ. ಶಾಲಾವಾರು ಮಕ್ಕಳ, ಅಧ್ಯಾಪಕರ, ಮಾಧ್ಯಮದ ಲೆಕ್ಕ ಕೇಂದ್ರದ ಯುಡೈಸ್ ದಾಖಲೆಯಲ್ಲಿದೆ. ಊರಿನಲ್ಲಿ ಎಂ.ಎ. ಓದುತ್ತಿರುವ ಹಳೆ ವಿದ್ಯಾರ್ಥಿಯೊಬ್ಬರು ಎರಡು ಭಾನುವಾರ ಕೂತರೆ ಸಂಘಕ್ಕೆ ಬೇಕಾದಷ್ಟು ಸಿಗುತ್ತದೆ. ಇನ್ನೂರು ಪುಟದ ನೋಟು ಪುಸ್ತಕ ಒಂದಿರಲಿ. ಒಂದು ಅಧ್ಯಯನಕ್ಕೆ ಒಂದು ಪುಟ: ಬರೆದವರು, ವರ್ಷ, ಊರು, ಎಷ್ಟು ಮಕ್ಕಳು, ಏನು ಕಂಡರು. ಪುಟದ ಕೊನೆಗೆ ಎರಡು ಸಾಲು, ಇದು ನಮ್ಮ ಮಕ್ಕಳಿಗೆ ಎಷ್ಟು ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು. ಮೂಲವನ್ನು ಓದದೆ ಇನ್ನೊಬ್ಬರ ಭಾಷಣದಿಂದ ಎತ್ತಿದ್ದಾದರೆ ಆ ಪುಟಕ್ಕೆ ಕೆಂಪು ಗೆರೆ ಹಾಕಿ.

ಈ ವರ್ಷ ನಮ್ಮ ಓದುಗರ ಸಂಘಗಳು ಎರಡೇ ಪ್ರಶ್ನೆಗಳನ್ನು ಹಿಡಿದರೆ ಸಾಕು. ಮೊದಲನೆಯದು ಬಿಟ್ಟುಹೋದ ಮಕ್ಕಳದ್ದು. ಕಳೆದ ಮೂರು ವರ್ಷಗಳಲ್ಲಿ ಟಿ.ಸಿ. ತೆಗೆದುಕೊಂಡು ಹೋದವರು ಎಷ್ಟು, ಯಾವ ತರಗತಿಯಿಂದ, ಯಾವ ಶಾಲೆಗೆ? ಶಾಲೆಯ ದಾಖಲೆ ಇಷ್ಟು ಹೇಳುತ್ತದೆ. ಯಾಕೆ ಎಂಬುದನ್ನು ಆ ಮನೆಗೆ ಹೋಗಿ ಕೇಳಬೇಕು. ಅಧ್ಯಾಪಕರು ಹೋಗಬಾರದು, ಹೋದರೆ ದಾಕ್ಷಿಣ್ಯದ ಉತ್ತರ ಸಿಗುತ್ತದೆ. ಇನ್ನೊಬ್ಬ ತಾಯಿ ಹೋಗಲಿ. ಬಸ್ಸು ಮನೆಬಾಗಿಲಿಗೆ ಬರುತ್ತದೆ ಎಂದೋ, ಅಕ್ಕ ಅಲ್ಲಿದ್ದಾಳೆ ಎಂದೋ, ಹುದ್ದೆ ಖಾಲಿ ಇತ್ತು ಎಂದೋ ಹೇಳಿದರೆ ಹಾಗೆಯೇ ಬರೆಯಿರಿ. ಎಲ್ಲರೂ ಬಸ್ಸು ಎಂದರೆ ನಮ್ಮ ಭಾಷಾಭಿಮಾನದ ಭಾಷಣಗಳು ತಪ್ಪು ವಿಳಾಸಕ್ಕೆ ಹೋಗುತ್ತಿವೆ ಎಂದರ್ಥ. ಆಗ ಪಂಚಾಯತಿನಲ್ಲಿ ವಾಹನದ ಮಾತಾಡಬೇಕು.

ಎರಡನೆಯದು ಓದಿನದು. ಮೂರನೆಯ ತರಗತಿಯ ಪ್ರತಿ ಮಗುವಿಗೆ ಎರಡನೆಯ ತರಗತಿಯ ಕನ್ನಡ ಪುಸ್ತಕದ, ತರಗತಿಯಲ್ಲಿ ಬಾಯಿಪಾಠವಾಗದ ಒಂದು ಪುಟ ಕೊಟ್ಟು ಮನೆಯಲ್ಲೇ ಓದಿಸಿ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಹಳ್ಳಿಗಳಲ್ಲಿ ನಡೆಸುತ್ತ ಬಂದ ಅಸರ್ ಸಮೀಕ್ಷೆಯ ಕ್ರಮವೂ ಹೆಚ್ಚುಕಡಿಮೆ ಇದೇ: ಅಕ್ಷರ, ಪದ, ಸಣ್ಣ ವಾಕ್ಯಗಳು, ಕಥೆ, ಇವುಗಳಲ್ಲಿ ಮಗು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡುವುದು. ಓದಿದ ಮೇಲೆ ಕಥೆಯನ್ನು ಮನೆಮಾತಿನಲ್ಲಿ ಹೇಳಲು ಹೇಳಿ. ಓದಲು ಬಂತು, ಹೇಳಲು ಬರಲಿಲ್ಲ ಎಂದರೆ ಅದು ಬೇರೆಯೇ ತೊಂದರೆ. ಎರಡನ್ನೂ ಬೇರೆ ಬೇರೆ ಬರೆಯಿರಿ. ಮಗುವನ್ನು ಗದರಿಸಬೇಡಿ, ಪಕ್ಕದ ಮನೆಯ ಮಗುವಿನ ಎದುರು ಓದಿಸಬೇಡಿ. ಫಲಿತಾಂಶ ಚೆನ್ನಾಗಿರದಿದ್ದರೆ ಅಧ್ಯಾಪಕರಾದ ನಮಗೆ ಇರಿಸುಮುರಿಸಾಗುತ್ತದೆ, ಎದುರಾಳಿಗಳಿಗೆ ಅಸ್ತ್ರವಾಗುತ್ತದೆ ಎಂದು ಕೆಲವು ಗೆಳೆಯರು ಈಗಾಗಲೇ ಹೇಳಿದ್ದಾರೆ. ಬಂದ ಉತ್ತರ ಯಾವುದೇ ಇರಲಿ, ಈ ಪತ್ರಿಕೆ ಅದನ್ನು ಇದೇ ಪುಟದಲ್ಲಿ ಮುದ್ರಿಸುತ್ತದೆ.

ಹಾಳೆಯ ಮೇಲ್ಭಾಗದಲ್ಲಿ ಊರು, ತರಗತಿ, ಓದಿಸಿದ ದಿನಾಂಕ, ಮಗುವಿನ ಮನೆಮಾತು, ಆ ತರಗತಿಯಲ್ಲಿ ಈ ವರ್ಷ ಕನ್ನಡ ಬಲ್ಲ ಅಧ್ಯಾಪಕರಿದ್ದ ತಿಂಗಳುಗಳ ಸಂಖ್ಯೆ, ಇಷ್ಟನ್ನು ಬರೆಯಿರಿ. ಮಗುವಿನ ಹೆಸರೂ ನಿಮ್ಮ ಹೆಸರೂ ಬೇಡ. ಸಂಘದ ಕಾರ್ಯದರ್ಶಿಗಳು ಎಲ್ಲವನ್ನೂ ಒಂದು ಲಕೋಟೆಯಲ್ಲಿ ಸೇರಿಸಿ, ಆರನೆಯ ಕೆಲಸದ ದಿನದ ಎಣಿಕೆಗೆ ಒಂದು ವಾರ ಮೊದಲು ನಮಗೆ ತಲಪುವಂತೆ ಕಳುಹಿಸಿಕೊಡಬೇಕು.